ಮೊದಲು ತಾಲ್ಲೂಕು ಪೇಟೆ, ಆಮೇಲೆ ಹಳ್ಳಿ

ನಿವೃತ್ತಿಯ ನಂತರ ಹಳ್ಳಿಯಲ್ಲಿ ನೆಲೆಸಬೇಕು ಅನ್ನುವವರು ಜಾಗ ನೋಡಲು ಹೊರಡುವುದು ಸಾಮಾನ್ಯವಾಗಿ ನವೆಂಬರ್‌ನಿಂದ ಫೆಬ್ರವರಿಯ ಒಳಗೆ, ಅದೂ ರಜೆಯ ದಿನ, ಹಗಲು ಹೊತ್ತಿನಲ್ಲಿ. ಮಳೆ ಮುಗಿದಿರುತ್ತದೆ, ರಸ್ತೆಯ ಗುಂಡಿ ಮುಚ್ಚಿರುತ್ತದೆ, ಹಳ್ಳದಲ್ಲಿ ಪಾದ ಮುಳುಗುವಷ್ಟೇ ನೀರು. ಆಸ್ಪತ್ರೆ ಎಷ್ಟು ದೂರ ಎಂದು ಜಾಗ ತೋರಿಸುವವರನ್ನು ಕೇಳಿದರೆ "ಇಲ್ಲೇ ಸಾರ್, ಮುಕ್ಕಾಲು ಗಂಟೆ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆ ದಿನ, ಆ ಹೊತ್ತಿನಲ್ಲಿ ಅದು ಮುಕ್ಕಾಲು ಗಂಟೆಯ ದಾರಿಯೇ. ಆದರೆ ಎಪ್ಪತ್ತು ದಾಟಿದ ಮೇಲೆ ಆಸ್ಪತ್ರೆ ಬೇಕಾಗುವುದು ಜುಲೈ ತಿಂಗಳ ರಾತ್ರಿ ಎರಡು ಗಂಟೆಗೂ ಇರಬಹುದು. ಕರೆಂಟು ಹೋಗಿರುತ್ತದೆ, ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ, ದಾರಿಗೆ ಮರ ಬಿದ್ದಿರುತ್ತದೆ. ಜಾಗವನ್ನು ಅಳೆಯಬೇಕಾದ್ದು ಆ ರಾತ್ರಿಯ ಲೆಕ್ಕದಲ್ಲಿ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಹಳ್ಳಿ ಹುಡುಕುವವರು ಕೇಳುವುದು ದೊಡ್ಡಾಸ್ಪತ್ರೆ ಎಲ್ಲಿದೆ ಎಂದು. ಮಣಿಪಾಲ ಎಷ್ಟು ದೂರ, ಮೈಸೂರು ಎಷ್ಟು ದೂರ. ಕೇಳಬೇಕಾದ್ದೇ, ಆದರೆ ಎರಡನೆಯದಾಗಿ. ಮೊದಲು ನೋಡಬೇಕಾದ್ದು ಹಳ್ಳಿಗೆ ಹತ್ತಿರದ ತಾಲ್ಲೂಕು ಪೇಟೆಯನ್ನು. ವಯಸ್ಸಾದವರ ಆರೋಗ್ಯದ ಕೆಲಸ ಬಹುಪಾಲು ಸಣ್ಣ ಸಣ್ಣದು, ಪದೇ ಪದೇ ಬರುವಂಥದ್ದು: ಬಿಪಿ ಮಾತ್ರೆ ಬದಲಿಸುವುದು, ಸಕ್ಕರೆ ಪರೀಕ್ಷೆ, ಹಲ್ಲು, ಕಣ್ಣಿನ ಪೊರೆ, ಮಂಡಿನೋವಿಗೆ ಫಿಸಿಯೋಥೆರಪಿ, ಮೂತ್ರದ ಸೋಂಕು, ಜಾರಿಬಿದ್ದು ಮುರಿದ ಮಣಿಕಟ್ಟು. ಇದಕ್ಕೆಲ್ಲ ನೂರು ಕಿ.ಮೀ. ಹೋಗುವವರು ಮೊದಲ ವರ್ಷ ಹೋಗುತ್ತಾರೆ, ಎರಡನೇ ವರ್ಷ ಮುಂದೂಡುತ್ತಾರೆ, ಮೂರನೇ ವರ್ಷ ಸುಮ್ಮನಾಗುತ್ತಾರೆ. ಕಾಲಿನ ಸಣ್ಣ ಹುಣ್ಣು ಸಕ್ಕರೆ ಕಾಯಿಲೆಯವರಲ್ಲಿ ಬೆರಳು ತೆಗೆಯುವ ಮಟ್ಟಕ್ಕೆ ಬೆಳೆಯುವುದು ಹೀಗೆ. ಆದ್ದರಿಂದ ಒಳ್ಳೆಯ ಪೇಟೆಯನ್ನು ಮೊದಲು ಗುರುತು ಮಾಡಿಕೊಂಡು, ಅದರ ಸುತ್ತ ಎಂಟು ಹತ್ತು ಕಿ.ಮೀ. ಒಳಗೆ ಹಳ್ಳಿಯನ್ನು ಹುಡುಕುವುದು ಸರಿಯಾದ ಕ್ರಮ.

ದೊಡ್ಡ ತುರ್ತಿನಲ್ಲೂ ಪೇಟೆಯೇ ಮುಖ್ಯ ಎಂಬುದು ಒಂದು ಎದೆನೋವಿನ ರಾತ್ರಿಯ ಲೆಕ್ಕ ಹಾಕಿದರೆ ತಿಳಿಯುತ್ತದೆ. ಮನೆ ಘಾಟಿಯ ಮೇಲಿದೆ, ಕಟ್ಟಿಕೊಂಡ ರಕ್ತನಾಳ ತೆರೆಯುವ ಕ್ಯಾಥ್ ಲ್ಯಾಬ್ ಇರುವ ಆಸ್ಪತ್ರೆ 80 ಕಿ.ಮೀ. ಕೆಳಗಿದೆ ಅಂದುಕೊಳ್ಳಿ. ರಾತ್ರಿ 1.30ಕ್ಕೆ ಎದೆ ಹಿಡಿದುಕೊಳ್ಳುತ್ತದೆ. ಗ್ಯಾಸ್ ಇರಬೇಕು ಅಂತ ಓಮದ ನೀರು, ಒಂದು ಗುಳಿಗೆ, ಸ್ವಲ್ಪ ಓಡಾಟ. ಅರ್ಧ ಗಂಟೆ ಹೋಯಿತು. ಬೆವರು ಕಿತ್ತುಕೊಂಡು ಬಂದು ಎಡತೋಳು ಸೆಳೆಯತೊಡಗಿದಾಗ ಫೋನ್ ಮಾಡುತ್ತಾರೆ. ಆಂಬುಲೆನ್ಸೋ ಪಕ್ಕದ ಮನೆಯವರ ಜೀಪೋ ಅಂಗಳಕ್ಕೆ ಬರುವಾಗ 2.30. ಮಳೆ, ಮಂಜು, ತಿರುವು. ಎರಡು ಗಂಟೆ ಕಾಲು ಹಿಡಿಯುತ್ತದೆ, 4.45. ಅಲ್ಲಿ ಇಸಿಜಿ, ಒಪ್ಪಿಗೆ ಸಹಿ, ಕ್ಯಾಥ್ ಲ್ಯಾಬ್ ತಂಡ ಮನೆಯಿಂದ ಬರುವುದು ಅಂತ ಇನ್ನೊಂದು ಗಂಟೆ. ರಕ್ತನಾಳ ತೆರೆಯುವಾಗ ಬೆಳಗಿನ ಆರು ಗಂಟೆ. ನಾಲ್ಕೂವರೆ ತಾಸು ಹೃದಯದ ಒಂದು ಭಾಗಕ್ಕೆ ರಕ್ತ ಹೋಗಿಲ್ಲ. ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ.

ಅದೇ ಮನೆಯಿಂದ ಎಂಟು ಕಿ.ಮೀ. ದೂರದ ಪೇಟೆಯಲ್ಲಿ ರಾತ್ರಿ ಇಸಿಜಿ ತೆಗೆದು ಓದಿಸುವ ವ್ಯವಸ್ಥೆ, ಹೆಪ್ಪು ಕರಗಿಸುವ ಚುಚ್ಚುಮದ್ದು ಇದ್ದರೆ ಲೆಕ್ಕ ಬೇರೆ. 2.45ಕ್ಕೆ ಆಸ್ಪತ್ರೆ, 2.55ಕ್ಕೆ ಇಸಿಜಿ, 3.15ರ ಒಳಗೆ ಟೆನೆಕ್ಟೆಪ್ಲೇಸ್. ಇದು ಒಂದೇ ಸಲಕ್ಕೆ ನರಕ್ಕೆ ಕೊಡುವ ಮದ್ದು. ಹಳೆಯ ಸ್ಟ್ರೆಪ್ಟೋಕೈನೇಸ್ ಆದರೆ ಅರ್ಧದಿಂದ ಒಂದು ಗಂಟೆ ಡ್ರಿಪ್‌ನಲ್ಲಿ ಹೋಗಬೇಕು. ಎರಡು ಗಂಟೆಯ ಒಳಗೆ ಆಂಜಿಯೋಪ್ಲಾಸ್ಟಿ ಆಗುವಂತಿಲ್ಲದಿದ್ದರೆ ಮೊದಲು ಹೆಪ್ಪು ಕರಗಿಸಿ, ಆಮೇಲೆ ರೋಗಿಯನ್ನು ದೊಡ್ಡಾಸ್ಪತ್ರೆಗೆ ಸಾಗಿಸುವುದು ಹೃದಯ ತಜ್ಞರು ಒಪ್ಪಿದ ಕ್ರಮ. ಮದ್ದು ಫಲಿಸಿದರೆ ಆಂಜಿಯೋಗ್ರಾಂಗೆ 24 ಗಂಟೆಯವರೆಗೂ ಸಮಯ ಸಿಗುತ್ತದೆ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಿಂತಿರುವುದೇ ಇದರ ಮೇಲೆ: ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದಲ್ಲಿ ಓದಿಸಿ, ದುಬಾರಿಯಾದ ಟೆನೆಕ್ಟೆಪ್ಲೇಸನ್ನು ಅಲ್ಲೇ ಉಚಿತವಾಗಿ ಕೊಡುವುದು. ನಿಮ್ಮ ಕಣ್ಣಿಗೆ ಬಿದ್ದ ತಾಲ್ಲೂಕಿನ ಆಸ್ಪತ್ರೆ ಈ ಯೋಜನೆಯಲ್ಲಿದೆಯೇ ಎಂದು ಕೇಳುವುದು ತೋಟದಲ್ಲಿ ಎಷ್ಟು ಅಡಿಕೆ ಮರ ಇದೆ ಎಂದು ಕೇಳುವುದಕ್ಕಿಂತ ಮೊದಲಾಗಬೇಕು.

ಪಾರ್ಶ್ವವಾಯುವಿನ ಲೆಕ್ಕ ಇನ್ನೂ ಬಿಗಿ. ಹೆಪ್ಪು ಕರಗಿಸುವ ಮದ್ದು ಕೊಡಲು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯವರೆಗೆ ಮಾತ್ರ ಅವಕಾಶ. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಲೇಬೇಕು. ಮಿದುಳಿನಲ್ಲಿ ಹೆಪ್ಪುಗಟ್ಟಿದೆಯೋ ರಕ್ತಸ್ರಾವವಾಗಿದೆಯೋ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ, ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ಪ್ರಾಣಾಂತಿಕ. ಹಾಗಾಗಿ ಎಂಆರ್‌ಐ ಇದೆಯೇ ಎಂದು ಕೇಳುವುದಕ್ಕಿಂತ "ರಾತ್ರಿ ಸಿಟಿ ನಡೆಯುತ್ತದೆಯೇ" ಎಂದು ಕೇಳುವುದು ಉಪಯೋಗದ ಪ್ರಶ್ನೆ. ಸ್ಕ್ಯಾನಿಂಗ್ ಸೆಂಟರಿನ ಬೋರ್ಡಿನ ಮೇಲೆ 24 ಗಂಟೆ ಎಂದು ಬರೆದಿದ್ದರೂ ತಂತ್ರಜ್ಞ ರಾತ್ರಿ ಅಲ್ಲೇ ಇರುತ್ತಾರೋ, ಫೋನ್ ಮಾಡಿ ಮನೆಯಿಂದ ಕರೆಸಬೇಕೋ ಕೇಳಿ. ಕರೆಸಿಕೊಳ್ಳುವುದಾದರೆ ನಾಲ್ಕೂವರೆ ಗಂಟೆಯಲ್ಲಿ ಮುಕ್ಕಾಲು ಗಂಟೆ ಕಳೆದುಬಿಡಿ.

ಪೇಟೆಯ ಆಸ್ಪತ್ರೆಯನ್ನು ನೋಡುವುದಾದರೆ ರಾತ್ರಿ ಹತ್ತರ ಮೇಲೆ ಹೋಗಿ, ವಾರದ ನಡುವೆ ಒಂದು ಸಲ, ಭಾನುವಾರ ಒಂದು ಸಲ. ಯಾರಿಗೂ ತೊಂದರೆಯಾಗದ ಹಾಗೆ, ರೋಗಿಗಳಿಲ್ಲದ ಹೊತ್ತು ನೋಡಿ ದಾದಿಯರನ್ನು ಮಾತಾಡಿಸಿ. ಊರಿಗೆ ಬಂದು ಇರುವವರು, ವಯಸ್ಸಾಗಿದೆ, ತಿಳಿದುಕೊಳ್ಳಬೇಕಿತ್ತು ಎಂದರೆ ಬಿಡಿಸಿ ಹೇಳುತ್ತಾರೆ. ರಾತ್ರಿ ಪಾಳಿಯಲ್ಲಿ ಡಾಕ್ಟರು ಕಟ್ಟಡದಲ್ಲೇ ಇರುತ್ತಾರೋ, ಕ್ವಾರ್ಟರ್ಸಿನಿಂದ ಬರಬೇಕೋ? ಇಸಿಜಿ ಓದುವವರು ಯಾರು? ರಕ್ತನಿಧಿ ಇದೆಯೋ, ಬೇರೆಡೆಯಿಂದ ತಂದ ರಕ್ತ ಇಡುವ ಬರೀ ಶೇಖರಣಾ ಘಟಕವೋ? ವೆಂಟಿಲೇಟರ್ ಇದ್ದರೆ ಅದನ್ನು ನಡೆಸುವ ಅರಿವಳಿಕೆ ತಜ್ಞರು ಊರಿನಲ್ಲಿ ವಾಸವಿದ್ದಾರೆಯೇ? ಕೋವಿಡ್ ಕಾಲದಲ್ಲಿ ಅನೇಕ ಸಣ್ಣ ಆಸ್ಪತ್ರೆಗಳಿಗೆ ಯಂತ್ರ ಬಂತು. ಯಂತ್ರದ ಜೊತೆಗೆ ಮನುಷ್ಯರು ಬಂದರೇ ಎಂಬುದನ್ನು ನೋಡಬೇಕು. ಆಮೇಲೆ ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಗೆ ಹೋಗಿ ನೀವು ದಿನಾ ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ಕೊಡಿ. ನಾಲ್ಕರಲ್ಲಿ ಮೂರು ಸಿಕ್ಕಿ, ಇನ್ನೊಂದನ್ನು ಎರಡು ದಿನದಲ್ಲಿ ತರಿಸುತ್ತೇನೆ ಅಂದರೆ ಪೇಟೆ ಪರವಾಗಿಲ್ಲ. ಇನ್ಸುಲಿನ್ ಇಟ್ಟಿರುವ ಫ್ರಿಜ್ಜಿಗೆ ಇನ್ವರ್ಟರ್ ಸಂಪರ್ಕ ಇದೆಯೇ ಎಂದೂ ಕಣ್ಣು ಹಾಯಿಸಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ದಿನಕ್ಕೆ ಆರು ಗಂಟೆ ಕರೆಂಟಿಲ್ಲದ ಫ್ರಿಜ್ಜಿನ ಇನ್ಸುಲಿನ್ ಚುಚ್ಚಿಕೊಂಡು ಸಕ್ಕರೆ ಏಕೆ ಇಳಿಯುತ್ತಿಲ್ಲ ಎಂದು ಡೋಸ್ ಏರಿಸುತ್ತಾ ಹೋಗುವುದು ನಡೆಯುವ ಸಂಗತಿ.

ಹಾವು ಕಡಿತದ ಮಾತು ಹಳ್ಳಿಗೆ ಹೋಗುವವರಿಗೆ ಬೇರೆಯೇ ಹೇಳಬೇಕು. ನಮ್ಮಲ್ಲಿ ಸಿಗುವ ವಿಷನಿರೋಧಕ ಔಷಧ ನಾಲ್ಕು ಹಾವಿಗೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಮೊದಲ ಸಲಕ್ಕೇ ಹತ್ತು ಬಾಟಲಿ ಬೇಕಾಗಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡೋ ಮೂರೋ ಇದ್ದರೆ ಅದು ಚಿಕಿತ್ಸೆಯ ಆರಂಭವಷ್ಟೆ. ಕಟ್ಟುಹಾವು ಕಡಿದರೆ ನೋವೂ ಇರದೆ, ಬೆಳಗಿನ ಜಾವ ರೆಪ್ಪೆ ಇಳಿಬೀಳುತ್ತಾ ಉಸಿರಾಟದ ಸ್ನಾಯು ಸೋಲುತ್ತದೆ, ಆಗ ವೆಂಟಿಲೇಟರ್ ಬೇಕು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತದೆ, ಡಯಾಲಿಸಿಸ್ ಬೇಕಾಗಬಹುದು. ಅದನ್ನು ಪತ್ತೆ ಮಾಡುವ ಪರೀಕ್ಷೆ ಬಹಳ ಸರಳ: ಶುಭ್ರವಾದ, ಒಣಗಿದ ಗಾಜಿನ ಕೊಳವೆಯಲ್ಲಿ ಎರಡು ಮಿ.ಲೀ. ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು ಓರೆ ಮಾಡಿ ನೋಡುವುದು. ಹರಿದರೆ ವಿಷ ಏರಿದೆ ಎಂದರ್ಥ. ಪ್ಲಾಸ್ಟಿಕ್ ಕೊಳವೆಯಲ್ಲಿ ಮಾಡಿದರೆ ಫಲಿತಾಂಶ ತಪ್ಪುತ್ತದೆ. ಇಷ್ಟನ್ನು ಮಾಡುವ ಆಸ್ಪತ್ರೆ ನಂಬಿಕೆಗೆ ಅರ್ಹ. ಮಲೆನಾಡಿನ ತರಗೆಲೆಯಲ್ಲಿ ಮಲಗಿರುವ ಉಬ್ಬುಮೂಗಿನ ಮಂಡಲದ ಹಾವಿಗೆ ಈ ಔಷಧ ನಾಟುವುದಿಲ್ಲ. ತೋಟದಲ್ಲಿ ಗಂಬೂಟು, ರಾತ್ರಿ ಟಾರ್ಚು, ಮಂಚದ ಮೇಲೆ ಸೊಳ್ಳೆಪರದೆ ಕಟ್ಟಿಕೊಂಡು ಮಲಗುವುದು, ಇವೇ ಅಲ್ಲಿ ರಕ್ಷೆ. ಕಟ್ಟು ಬಿಗಿಯುವುದು, ಕೊಯ್ಯುವುದು ಯಾವ ಹಾವಿಗೂ ಬೇಡ.

ಮಲೆನಾಡಿನ ಇನ್ನೊಂದು ಕಾಯಿಲೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾಗಿ, ಇಂಗ್ಲಿಷಿನಲ್ಲಿ ಆ ಕಾಡಿನ ಹೆಸರನ್ನೇ ಪಡೆದದ್ದು. ಹರಡುವುದು ಉಣುಗಿನಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ, ಅಂದರೆ ಜಾಗ ನೋಡಲು ಎಲ್ಲರೂ ಕಾಡಂಚಿನಲ್ಲಿ ಓಡಾಡುವ ತಿಂಗಳುಗಳಲ್ಲೇ. ಹಿಂದೆ ಕೊಡುತ್ತಿದ್ದ ಲಸಿಕೆ ಈಗ ನಿಂತಿದೆ. ದರಕು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆ ಉಣುಗು ಹತ್ತದಂತೆ ತಡೆಯುವ ಡೀಪಾ ಎಣ್ಣೆ ಕೊಡುತ್ತದೆ. ಹಚ್ಚಿಕೊಂಡು, ಮೈಮುಚ್ಚುವ ಬಟ್ಟೆ ಹಾಕಿಕೊಂಡು, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡುವುದು ವಾಡಿಕೆ. ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ 2018-19ರಲ್ಲಿ ಆದ ಸಾವುಗಳನ್ನು ಅಲ್ಲಿಯವರು ಮರೆತಿಲ್ಲ. ಜಾಗ ಕೊಳ್ಳುವ ಮೊದಲು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಕಾಯಿಲೆಯ ಕಳೆದ ಐದು ವರ್ಷದ ಮಾತು ಕೇಳಿ.

ಇನ್ನು ಯಾವ ಸೀಮೆ? ನಮ್ಮ ಅಭಿಪ್ರಾಯ ಹೇಳಿಬಿಡುತ್ತೇವೆ. ಆಸ್ಪತ್ರೆಯೊಂದನ್ನೇ ಲೆಕ್ಕಕ್ಕೆ ಇಟ್ಟುಕೊಂಡರೆ ಕರ್ನಾಟಕದ ಹಳ್ಳಿಗಾಡಿನಲ್ಲಿ ಉಡುಪಿಯ ಒಳನಾಡಿಗೆ ಸಮನಾದದ್ದು ಕಡಿಮೆ. ಹಿರಿಯಡಕ, ಬ್ರಹ್ಮಾವರ, ಶಿರ್ವ, ಕಾಪು ಕಡೆಯ ಹಳ್ಳಿಯಿಂದ ಮಣಿಪಾಲದ ಕಸ್ತೂರಬಾ ಆಸ್ಪತ್ರೆಗೆ ಘಾಟಿಯೂ ಇಲ್ಲ, ಹಳ್ಳ ದಾಟುವ ಭಯವೂ ಇಲ್ಲ. ಕಾರ್ಕಳ, ಕುಂದಾಪುರದಿಂದಲೂ ಗಂಟೆಯೊಳಗಿನ ದಾರಿ. ದಕ್ಷಿಣ ಕನ್ನಡದಲ್ಲಿ ಪುತ್ತೂರಿನ ಆಚೆ ದೂರ ಎನಿಸಿದರೂ ಸುಳ್ಯದಲ್ಲೇ ವೈದ್ಯಕೀಯ ಕಾಲೇಜಿದೆ. ಕರಾವಳಿಯ ಕಷ್ಟ ಸೆಖೆ ಮತ್ತು ಬೆಲೆ. ಸಮುದ್ರಕ್ಕೆ ತೀರ ಹತ್ತಿರ ಹೋದರೆ ಏಪ್ರಿಲಿನಲ್ಲಿ ಬಾವಿ ನೀರು ಉಪ್ಪಾಗುತ್ತದೆ. ಬಿಪಿ ಇರುವವರಿಗೆ ಅದು ಸಣ್ಣ ವಿಷಯವಲ್ಲ.

ಮೈಸೂರಿನ ಸುತ್ತ ನಂಜನಗೂಡು, ತಿ. ನರಸೀಪುರ, ಶ್ರೀರಂಗಪಟ್ಟಣ, ಪಾಂಡವಪುರದ ಬಯಲು ಹಳ್ಳಿಗಳು ಎರಡನೆಯದು ಅನ್ನಬಹುದು. ಸಮತಟ್ಟು ರಸ್ತೆ, ಕಾವೇರಿ ಕಬಿನಿಯ ನೀರು, ಮೈಸೂರಿನಲ್ಲಿ ಜಯದೇವ, ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್. ಎಚ್.ಡಿ. ಕೋಟೆ ಕಡೆ ಒಳಕ್ಕೆ ಹೋದಷ್ಟೂ ಕಾಡಂಚು, ಆನೆ ಕಾಟ. ರಾತ್ರಿ ಆನೆ ದಾರಿಗೆ ನಿಂತರೆ ಆಂಬುಲೆನ್ಸೂ ನಿಲ್ಲಬೇಕು. ಹೆಚ್ಚು ಜನರ ಗಮನಕ್ಕೆ ಬರದ ಒಂದು ಜಾಗ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್. ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹೆದ್ದಾರಿಯ ಪಕ್ಕದಲ್ಲೇ, ಸುತ್ತ ಪೂರಾ ಹಳ್ಳಿ. ಬೋಧನಾ ಆಸ್ಪತ್ರೆಯ ಒಳ್ಳೆಯ ಗುಣ ಅದರ ರಾತ್ರಿ: ಹೌಸ್ ಸರ್ಜನ್‌ಗಳು, ಪಿಜಿ ವಿದ್ಯಾರ್ಥಿಗಳು ವಾರ್ಡಿನಲ್ಲೇ ಇರುತ್ತಾರೆ. ದೊಡ್ಡ ಕಟ್ಟಡದ ಖಾಸಗಿ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಎಂಬಿಬಿಎಸ್ ಆದವರು ಒಬ್ಬರೂ ಇಲ್ಲದಿರುವುದುಂಟು.

ಧಾರವಾಡ ಸೀಮೆಗೆ ಬಂದರೆ ಹವೆಯೂ ಹಿತ, ಹುಬ್ಬಳ್ಳಿ ಮತ್ತು ಸತ್ತೂರಿನ ದೊಡ್ಡಾಸ್ಪತ್ರೆಗಳೂ ಹತ್ತಿರ. ಕಲಘಟಗಿ ಕಡೆ ಅರೆಮಲೆನಾಡಿನ ಹಸಿರು ಸಿಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೊಬಗಿಗೆ ಮನಸೋತವರಿಗೆ ನಾವು ಹೇಳುವುದು: ಶಿರಸಿ ಪೇಟೆ ಸಣ್ಣ ಕಾಯಿಲೆಗೆ ಚೆನ್ನಾಗಿದೆ, ಆದರೆ ಹುಬ್ಬಳ್ಳಿ ನೂರು ಕಿ.ಮೀ. ಇಡೀ ಉತ್ತರ ಕನ್ನಡ ಜಿಲ್ಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ದನಿಯೆತ್ತಿದ್ದು ಸುಮ್ಮನೆ ಅಲ್ಲ. ಆ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಉರುಳಿಬಿದ್ದದ್ದು ಎಲ್ಲರೂ ಕಂಡ ದೃಶ್ಯ. ಅದೇ ಜಿಲ್ಲೆಯ ಮುಂಡಗೋಡ ಕಡೆಗೆ ಸರಿದರೆ ಹುಬ್ಬಳ್ಳಿಯ ದಾರಿ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಘಾಟಿಯೂ ಇಲ್ಲ.

ಘಾಟಿಗಳ ಬಗ್ಗೆ ಒಂದು ನಿಯಮ ಇಟ್ಟುಕೊಳ್ಳಿ: ನಿಮಗೂ ದೊಡ್ಡಾಸ್ಪತ್ರೆಗೂ ನಡುವೆ ಘಾಟಿ ಇದ್ದರೆ, ಘಾಟಿ ಇಲ್ಲದ ಇನ್ನೊಂದು ದಿಕ್ಕಿನಲ್ಲಿ ಮತ್ತೊಂದು ಆಸ್ಪತ್ರೆ ಇರಲೇಬೇಕು. 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದಾಗ ಕೊಡಗಿನಿಂದ ಮಂಗಳೂರಿನ ದಾರಿಯೇ ವಾರಗಟ್ಟಲೆ ಇಲ್ಲವಾಯಿತು. 2019ರಲ್ಲಿ ಚಾರ್ಮಾಡಿ ಕುಸಿಯಿತು. ಶಿರಾಡಿಯಲ್ಲಿ ಮಳೆಗಾಲದ ಕುಸಿತ ಮತ್ತೆ ಮತ್ತೆ ಕೇಳುವ ಸುದ್ದಿ. 2024ರ ಜುಲೈನಲ್ಲಿ ಅಂಕೋಲಾದ ಬಳಿಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೇ ಇಳಿಯಿತು. ಆದ್ದರಿಂದ ಕೊಡಗಿನಲ್ಲಿ ಭಾಗಮಂಡಲ ಕಡೆಗಿಂತ ಕುಶಾಲನಗರದ ಸುತ್ತ, ಚಿಕ್ಕಮಗಳೂರಿನಲ್ಲಿ ಕಳಸಕ್ಕಿಂತ ಹಾಸನದ ಕಡೆಗೆ ಮುಖ ಮಾಡಿದ ಹಳ್ಳಿ, ತೀರ್ಥಹಳ್ಳಿಯಲ್ಲಿ ಆಗುಂಬೆ ಬದಿಗಿಂತ ಶಿವಮೊಗ್ಗ ಬದಿ. ಶರಾವತಿ ಹಿನ್ನೀರಿನ ಆಚೆಯ ತುಮರಿ ಸುತ್ತಿನ ಹಳ್ಳಿಯವರು ದಶಕಗಳ ಕಾಲ ಸಾಗರದ ಆಸ್ಪತ್ರೆಗೆ ಲಾಂಚ್ ನಂಬಿ ಬದುಕಿದರು. ಸಂಜೆ ಲಾಂಚ್ ನಿಂತರೆ ಸುತ್ತುಬಳಸಿನ ದಾರಿಯೇ ಗತಿ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಅಲ್ಲಿನ ಭೂಮಿಯ ಲೆಕ್ಕವೇ ಬದಲಾಗಿದೆ. ಸೇತುವೆಯೊಂದು ಆಸ್ಪತ್ರೆಯಷ್ಟೇ ಕೆಲಸ ಮಾಡುತ್ತದೆ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ರಸ್ತೆ ಆಸ್ಪತ್ರೆ ಎರಡೂ ಸಿಕ್ಕರೂ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ನೋಡಬೇಕು. ಒಂದು ಲೀಟರಿಗೆ 1 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ, ಅದಕ್ಕೂ ಮೇಲೆ ಹೋದರೆ ಮೊದಲೇ ಸವೆದ ಕೀಲು ಬೆನ್ನು ಇನ್ನೂ ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಸಾಂದ್ರತೆ ಹೆಚ್ಚುತ್ತದೆ ಅಷ್ಟೆ. ಕಲಬುರಗಿಯಲ್ಲಿ ಜಯದೇವದ ಶಾಖೆ ಇದೆ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವೂ ಇದೆ. ಅಲ್ಲಿನ ಪರೀಕ್ಷೆ ಮೇ ತಿಂಗಳ ಬಿಸಿಲು, ಅದರಲ್ಲೂ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ.

ಪೇಟೆ ಗೊತ್ತಾಯಿತು, ಹಳ್ಳಿ ಗೊತ್ತಾಯಿತು. ಇನ್ನು ಹೆದ್ದಾರಿಯಿಂದ ಮನೆಯ ತನಕದ ಕೊನೆಯ ಒಂದು ಕಿ.ಮೀ. ಅನೇಕರು ಸೋಲುವುದು ಇಲ್ಲೇ. ಗ್ರಾಮ ನಕಾಶೆಯಲ್ಲಿ ಜೋಡಿ ಚುಕ್ಕೆಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕೆಗೆರೆಯಾದರೆ ಕಾಲುದಾರಿ. ನಕಾಶೆಯಲ್ಲಿ ಏನೂ ಇಲ್ಲದೆ, ಪಕ್ಕದ ಜಮೀನಿನವರು ಸೌಹಾರ್ದದಿಂದ ಬಿಟ್ಟ ದಾರಿಯಾದರೆ, ಅವರ ಮಕ್ಕಳ ಕಾಲಕ್ಕೆ ಬೇಲಿ ಬೀಳಬಹುದು. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು ನಿಜ, ಆದರೆ ಪಹಣಿ, ಮ್ಯುಟೇಶನ್, ಮಾರುವ ಭಾಗವನ್ನು ಅಳೆದ 11ಇ ನಕ್ಷೆ, ಋಣಭಾರ ಪತ್ರ ನೋಡಿದಷ್ಟೇ ಎಚ್ಚರದಿಂದ ದಾರಿಯ ಹಕ್ಕನ್ನೂ ಕ್ರಯಪತ್ರದಲ್ಲಿ ಬರೆಸಬೇಕು. ಮಲೆನಾಡಿನಲ್ಲಿ ಮನೆಯ ಮುಂದಿನ ಹಳ್ಳಕ್ಕೆ ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಮಾತ್ರ ಇದ್ದರೆ, ಮಳೆಗಾಲದಲ್ಲಿ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಕಂಬಳಿ ಕಟ್ಟಿ ನಾಲ್ಕು ಜನ ಹೊರಬೇಕು. ಆ ನಾಲ್ಕು ಜನ ಯಾರು ಎಂಬ ಪ್ರಶ್ನೆಗೆ ಹೆಸರು ಹೇಳಲು ಬರುವ ಹಾಗಿದ್ದರೆ ಮಾತ್ರ ಮುಂದುವರಿಯಿರಿ. ಆಂಬುಲೆನ್ಸ್ ಬರಲು ಗೇಟು 12 ಅಡಿ ಇರಲಿ, ಒಳಗೆ ತಿರುಗಿಸಲು ಜಾಗ ಇರಲಿ, ಮೋರಿಯ ಮೇಲೆ ಭಾರ ತಾಳುವ ಚಪ್ಪಡಿ ಇರಲಿ. ಒಂಟಿಮನೆಗೆ ಬಾಗಿಲ ನಂಬರು ಇರುವುದಿಲ್ಲ. ರಸ್ತೆ ಕವಲೊಡೆಯುವಲ್ಲಿ ರಾತ್ರಿ ಹೊಳೆಯುವ ಸ್ಟಿಕ್ಕರ್ ಹಚ್ಚಿದ ಬೋರ್ಡು ನೆಡಿ. 108ಕ್ಕೆ ಕರೆ ಮಾಡಿದಾಗ ಕೇಳುವುದು ತಾಲ್ಲೂಕು, ಊರು, ಗುರುತಿನ ಜಾಗ. ಇವನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಹತ್ತಿರ ಗೋಡೆಗೆ ಅಂಟಿಸಿದರೆ, ಗಾಬರಿಯಲ್ಲಿ ಇರುವವರೂ ಓದಿ ಹೇಳುತ್ತಾರೆ.

ಕರೆಂಟಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರೊಳಗಿನ ಮನೆಗಳ ಫೀಡರು, ಪಂಪ್‌ಸೆಟ್ಟಿನ ಫೀಡರು ಬೇರೆಯಾಗಿವೆ. ತೋಟದ ನಡುವಿನ ಮನೆ ಎಷ್ಟೋ ಸಲ ಪಂಪ್‌ಸೆಟ್ ಲೈನಿನಲ್ಲೇ ಉಳಿದಿರುತ್ತದೆ. ಅಲ್ಲಿ ತ್ರೀ ಫೇಸ್ ದಿನಕ್ಕೆ ಏಳು ಗಂಟೆಯ ಆಸುಪಾಸು. ಉಸಿರಾಟದ ತೊಂದರೆಗೆ ಆಮ್ಲಜನಕ ಯಂತ್ರ ಇಟ್ಟುಕೊಳ್ಳುವವರು ಈ ಲೆಕ್ಕ ನೋಡಿ: ಐದು ಲೀಟರಿನ ಯಂತ್ರ ಸುಮಾರು 350 ವಾಟ್ ಎಳೆಯುತ್ತದೆ. 150 ಆಂಪಿಯರ್-ಅವರಿನ 12 ವೋಲ್ಟ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವಾಟ್-ಅವರ್ ಇದ್ದರೂ ನಷ್ಟ ಕಳೆದು ಮೂರು ಗಂಟೆ ನಡೆದರೆ ಹೆಚ್ಚು. ಇಡೀ ರಾತ್ರಿಗೆ ಮೂರು ನಾಲ್ಕು ಬ್ಯಾಟರಿ, ಇಲ್ಲವೇ ಜನರೇಟರ್, ಜೊತೆಗೆ ತುಂಬಿದ ಸಿಲಿಂಡರ್ ಒಂದು. ಮೊಬೈಲ್ ಟವರಿನ ಬ್ಯಾಟರಿಯೂ ಕೆಲ ಗಂಟೆಗೆ ಮುಗಿಯುತ್ತದೆ. ಎರಡು ಬೇರೆ ಕಂಪನಿಯ ಸಿಮ್ಮು, ಸಾಧ್ಯವಾದರೆ ಫೈಬರ್ ಲೈನು, ಅದರ ಮೋಡೆಮ್ಮಿಗೆ ಬ್ಯಾಟರಿ, ವೈಫೈ ಕರೆ. ಇಷ್ಟಿದ್ದರೆ ಹೊರಗಿನ ಸಂಪರ್ಕ ಉಳಿಯುತ್ತದೆ.

ಮನೆಯ ಒಳಗೆ ಹೆಚ್ಚು ಹೇಳಬೇಕಾಗಿಲ್ಲ: ಮಲಗುವ ಕೋಣೆ ನೆಲ ಅಂತಸ್ತಿನಲ್ಲಿ, ಬಾಗಿಲು ಮೂರು ಅಡಿಗೆ ಕಡಿಮೆಯಿಲ್ಲದಂತೆ, ಬಚ್ಚಲಿಗೆ ಹೊಸ್ತಿಲು ಬೇಡ, ಕಮೋಡಿನ ಪಕ್ಕ ಗೋಡೆಗೆ ಗಟ್ಟಿ ಹಿಡಿ, ಇಳಿಜಾರು ಮಾಡಿಸಿದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಆದರೆ ಅಂಗಳವನ್ನು ಮರೆಯಬೇಡಿ. ಮಲೆನಾಡು ಕರಾವಳಿಯಲ್ಲಿ ಜುಲೈ ಹೊತ್ತಿಗೆ ಅಂಗಳದಲ್ಲಿ ಹಾವಸೆ (ಪಾಚಿ) ಕಟ್ಟುತ್ತದೆ. ಬೆಳಿಗ್ಗೆ ಹೂ ಕೊಯ್ಯಲು, ಕೊಟ್ಟಿಗೆಗೆ ಹೋಗಲು ಕಾಲಿಟ್ಟಾಗ ಜಾರಿ ಸೊಂಟದ ಮೂಳೆ ಮುರಿಯುವುದು ವಯಸ್ಸಾದವರ ಬದುಕನ್ನು ಒಂದೇ ದಿನದಲ್ಲಿ ಬದಲಿಸುವ ಅಪಘಾತ. ಶಸ್ತ್ರಚಿಕಿತ್ಸೆ ಎರಡು ದಿನದೊಳಗೆ ಆಗಿ ಬೇಗ ಎದ್ದು ನಿಲ್ಲಿಸದಿದ್ದರೆ ಹಾಸಿಗೆ ಹುಣ್ಣು, ನ್ಯುಮೋನಿಯಾ ಬೆನ್ನು ಹತ್ತುತ್ತವೆ. ಅಲ್ಲಿಯವರು ಓಡಾಡುವ ಜಾಗಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹಾಸುತ್ತಾರೆ. ಒಳ್ಳೆಯ ಉಪಾಯ, ಆದರೆ ದಬ್ಬೆಗಳ ನಡುವಿನ ಸಂದಿಗೆ ಊರುಗೋಲು ಸಿಕ್ಕಿಕೊಳ್ಳುತ್ತದೆ. ಊರುಗೋಲು, ವಾಕರ್ ಹಿಡಿಯುವವರಿದ್ದರೆ ಮೂರು ಅಡಿ ಅಗಲದ ಒರಟು ಕಾಂಕ್ರೀಟ್ ದಾರಿ ಮಾಡಿಸಿ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ.

ದುಡ್ಡಿನ ವ್ಯವಸ್ಥೆ ಊರು ಬಿಡುವ ಮೊದಲೇ ಆಗಲಿ. ಆರೋಗ್ಯ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸಬಹುದು, ಹಾಗಾಗಿ 57ರಲ್ಲಿ ತೆಗೆದುಕೊಂಡ ಪಾಲಿಸಿ 60ಕ್ಕೆ ಕೈಗೆ ಬರುತ್ತದೆ. ನಗದುರಹಿತ ಸೌಲಭ್ಯದ ಪಟ್ಟಿಯಲ್ಲಿ ನಿಮ್ಮ ತಾಲ್ಲೂಕು ಪೇಟೆಯ ಆಸ್ಪತ್ರೆ ಇದೆಯೇ ನೋಡಿ. ಕೇಂದ್ರ ಸರ್ಕಾರದ ಪಿಂಚಣಿದಾರರು ತಮ್ಮ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್ ಇಲ್ಲದ ಊರಿಗೆ ಹೋದರೆ ಹೊರರೋಗಿ ಖರ್ಚಿಗೆಂದು ತಿಂಗಳಿಗೆ 1,000 ರೂಪಾಯಿ ಭತ್ಯೆ ಪಡೆಯಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ತುರ್ತು ಅಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಆ ಚೀಟಿ ಬರೆಯುವುದೂ ಅದೇ ತಾಲ್ಲೂಕು ಆಸ್ಪತ್ರೆ.

ಈಗಾಗಲೇ ಮೂತ್ರಪಿಂಡದ ತೊಂದರೆ ಇರುವವರು ಡಯಾಲಿಸಿಸ್ ಕೇಂದ್ರದಿಂದ ಅರ್ಧ ಗಂಟೆಗಿಂತ ದೂರ ಹೋಗಲೇಬಾರದು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಮುಗಿದ ಮೇಲೆ ಸುಸ್ತು. ದೂರದ ದಾರಿಯಾದರೆ ವಾರದ ಮೂರು ದಿನ ರಸ್ತೆಯಲ್ಲೇ ಮುಗಿಯುತ್ತವೆ. ಕ್ಯಾನ್ಸರಿನ ರೇಡಿಯೇಶನ್ ಹಾಗಲ್ಲ, ಆರು ವಾರ ಆಸ್ಪತ್ರೆ ಇರುವ ನಗರದಲ್ಲಿ ಕೋಣೆ ಮಾಡಿದರೆ ಮುಗಿಯುತ್ತದೆ.

ಕೊಳ್ಳುವ ಮೊದಲು ಒಂದು ವರ್ಷ ಬಾಡಿಗೆಗೆ ಇರಿ. ಮಲೆನಾಡಾದರೆ ಜೂನ್ ಮೊದಲ ವಾರ ಹೋಗಿ, ಬಯಲುಸೀಮೆಯಾದರೆ ಮಾರ್ಚಿನಲ್ಲಿ. ಕರೆಂಟು ಹೋದ ಗಂಟೆ, ರಸ್ತೆ ಕಡಿದ ದಿನ, ಮಾತ್ರೆ ಸಿಗದೆ ವಾಪಸು ಬಂದ ದಿನ, ಮನೆಗೆಲಸದವರು ಬಾರದ ದಿನ, ಎಲ್ಲವನ್ನೂ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಮತ್ತು ದಂಪತಿಗಳಲ್ಲಿ ಕಾರು ಓಡಿಸದವರು ಯಾರೋ ಅವರು ಒಬ್ಬರೇ ಒಂದು ದಿನ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ, ರಕ್ತ ಕೊಟ್ಟು, ವರದಿ ತೆಗೆದುಕೊಂಡು ಬರಲಿ. ಮುಂದೆ ಒಬ್ಬರೇ ಉಳಿದಾಗ ಮಾಡಬೇಕಾದ್ದು ಇದನ್ನೇ. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ, ಆದರೆ ಆ ಊರಿಗೆ ಸರ್ಕಾರಿ ಬಸ್ಸು ಇರಬೇಕು. ಕರಾವಳಿ ಮಲೆನಾಡಿನ ಎಷ್ಟೋ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು. ಬಸ್ ನಿಲ್ದಾಣದಿಂದ ಮನೆಯತನಕ ನಡೆಯುವ ದೂರ ಅಳೆದು, ಪೇಟೆಯಿಂದ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿಕೊಂಡು ಬನ್ನಿ.